ನಮ್ಮೂರ ಹಾವುಗಳ ಗುರುತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ಸಮಿತಿಯವರು ನನಗೆ ಕೊಟ್ಟ ವಿಷಯ ‘ನನ್ನ ಸೇವಾ ಅನುಭವ’. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಅನುಭವವೆಲ್ಲ ಹೇಳಲು ಕೂತರೆ ಮಧ್ಯಾಹ್ನದ ಊಟ ತಣ್ಣಗಾಗುತ್ತದೆ. ಆದ್ದರಿಂದ ಒಂದೇ ವಿಷಯ ಆರಿಸಿಕೊಂಡಿದ್ದೇನೆ. ಅದು ಹಾವು. ಗದ್ದೆ, ತೋಟ, ಸೊಪ್ಪಿನಬೆಟ್ಟ, ಕೊಟ್ಟಿಗೆ ಇರುವ ಈ ಮಲೆನಾಡಿನ ಸೆರಗಿನಲ್ಲಿ ಹಾವು ನೋಡದವರು ಯಾರೂ ಇಲ್ಲ. ನೋಡಿದ ಹಾವು ಯಾವುದು ಎಂದು ಸರಿಯಾಗಿ ಹೇಳಬಲ್ಲವರು ಮಾತ್ರ ಬಹಳ ಕಡಿಮೆ.

ನನಗೆ ಹಾವಿನ ಗುರುತು ಮೊದಲು ಹೇಳಿಕೊಟ್ಟದ್ದು ಇದೇ ಶಾಲೆ. ಆಗ ನಮ್ಮ ಪ್ರಯೋಗಾಲಯ ಎಂದರೆ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿದ್ದ ಒಂದು ಮರದ ಕಪಾಟು. ಅದರಲ್ಲಿ ಎರಡು ಗಾಜಿನ ಭರಣಿ ಇದ್ದವು, ಒಂದೊಂದರಲ್ಲೂ ಒಂದೊಂದು ಪಟ್ಟೆ ಹಾವು. ನಮ್ಮ ವಿಜ್ಞಾನದ ಮೇಷ್ಟ್ರು ಅವೆರಡನ್ನೂ ಮೇಜಿನ ಮೇಲಿಟ್ಟು, ‘ವ್ಯತ್ಯಾಸ ಏನಿದೆ ಬರೆಯಿರಿ’ ಎಂದು ಹೇಳಿ ಸುಮ್ಮನೆ ಕೂತುಬಿಡುತ್ತಿದ್ದರು. ಒಂದು ಕಟ್ಟುಹಾವು, ಇನ್ನೊಂದು ತೋಳಹಾವು. ಒಂದು ಕೊಲ್ಲುವಂಥದ್ದು, ಇನ್ನೊಂದು ಹಲ್ಲಿ ತಿಂದು ಬದುಕುವಂಥದ್ದು. ಆ ಮೇಷ್ಟ್ರು ಕಲಿಸಿದ ‘ನಿಧಾನವಾಗಿ ನೋಡು’ ಎನ್ನುವ ಪಾಠ ನನಗೆ ಆಸ್ಪತ್ರೆಯಲ್ಲಿ ದಿನವೂ ಬೇಕಾಯಿತು.

ಯಾಕೆಂದರೆ ನಮ್ಮ ಜನ ರೋಗಿಯ ಜೊತೆಗೆ ಹಾವನ್ನೂ ಹೊತ್ತು ತರುತ್ತಿದ್ದರು. ಸಿಮೆಂಟ್ ಚೀಲದಲ್ಲಿ, ಪ್ಲಾಸ್ಟಿಕ್ ಕೊಡದಲ್ಲಿ, ಒಮ್ಮೆ ಹಾಲಿನ ಕ್ಯಾನಿನಲ್ಲಿ. ತಲೆ ಜಜ್ಜಿದ ಹಾವನ್ನು ಕ್ಯಾಷುವಾಲ್ಟಿ ಬಾಗಿಲಲ್ಲಿ ಸುರಿದು, ‘ಸಿಸ್ಟರ್, ಇದು ವಿಷದ್ದಾ ಅಲ್ವಾ ನೋಡಿ’ ಎನ್ನುತ್ತಿದ್ದರು. ಹಾಗೆ ತಂದವುಗಳಲ್ಲಿ ಕೇರೆ, ನೀರೊಳ್ಳೆ, ತೋಳಹಾವುಗಳೇ ಹೆಚ್ಚು. ನಿಜವಾಗಿ ವಿಷ ಏರಿದವರು ಬರುವಾಗ ಹಾವು ಬರುತ್ತಿರಲಿಲ್ಲ. ಅವರು ತಡವಾಗಿಯೂ ಬರುತ್ತಿದ್ದರು.

ಇದು ನಮ್ಮ ಊರೊಂದರ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ನಮ್ಮ ನಿಮ್ಮಂಥವರು.

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಅವನ್ನೆಲ್ಲ ಕಲಿಯಬೇಕಾಗಿಲ್ಲ. ಈ ಸಾವುಗಳಲ್ಲಿ ಬಹುಪಾಲಿಗೆ ಕಾರಣವಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಗರಗಸಮಂಡಲ ಬಯಲುಸೀಮೆಯ ಒಣ ಕಲ್ಲುನೆಲದ್ದು. ನಮ್ಮ ಮಳೆಯ ತೋಟಗಳಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಉಳಿದ ಮೂರನ್ನು ಮನೆಯಲ್ಲಿ ಮಕ್ಕಳಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ದೂರದಿಂದಲೇ ಗುರುತಿಸುವಂತಾಗಬೇಕು. ಅದಕ್ಕೆ ಒಳ್ಳೆಯ ದಾರಿ ಎಂದರೆ ಜೋಡಿಯಾಗಿ ಕಲಿಯುವುದು. ವಿಷದ ಹಾವು ಒಂದು, ಅದನ್ನೇ ಹೋಲುವ ಸಾಧು ಹಾವು ಒಂದು. ನಮ್ಮ ಮೇಷ್ಟ್ರ ಎರಡು ಭರಣಿಯ ಹಾಗೆ.

ಮೊದಲನೆಯ ಜೋಡಿ ನಾಗರ ಮತ್ತು ಕೇರೆ. ಹೆಡೆ ಬಿಚ್ಚಿದ ನಾಗರವನ್ನು ಯಾರೂ ಕೇಳಬೇಕಾಗಿಲ್ಲ. ಹೆಡೆಯ ಹಿಂದೆ ಕನ್ನಡಕದಂಥ ಗುರುತು ಇರುತ್ತದೆ, ಕೆಲವದರಲ್ಲಿ ಅದು ಮಸುಕಾಗಿರುತ್ತದೆ. ಕಷ್ಟ ಬರುವುದು ಹೆಡೆ ಮುಚ್ಚಿಕೊಂಡು ಸುಮ್ಮನೆ ಹರಿದುಹೋಗುವ ನಾಗರವನ್ನು ಕಂಡಾಗ. ಆಗ ಅದು ಕಂದು ಬಣ್ಣದ ಯಾವುದೋ ಹಾವಿನಂತೆ ಕಾಣುತ್ತದೆ. ಕೇರೆಯ ಕಣ್ಣು ದೊಡ್ಡದು, ಕುತ್ತಿಗೆ ಸಣ್ಣದು, ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆ ಎಳೆದ ಹಾಗೆ ಇರುತ್ತದೆ. ಆರೇಳು ಅಡಿ ಉದ್ದ ಬೆಳೆಯುತ್ತದೆ. ಮನುಷ್ಯರನ್ನು ಕಂಡರೆ ಬಾಣದಂತೆ ಓಡುತ್ತದೆ. ನಾಗರದ ಕುತ್ತಿಗೆ ತಲೆಯಷ್ಟೇ ದಪ್ಪ, ಕುತ್ತಿಗೆಯ ಅಡಿಭಾಗದಲ್ಲಿ ಕಪ್ಪು ಪಟ್ಟಿ ಇರುತ್ತದೆ, ಮತ್ತು ಅದು ಕೇರೆಯಷ್ಟು ಜೋರಾಗಿ ಓಡುವುದಿಲ್ಲ. ಕೇರೆ ಗಂಡು, ನಾಗರ ಹೆಣ್ಣು, ಎರಡೂ ಕೂಡುತ್ತವೆ ಎಂದು ನಮ್ಮಲ್ಲಿ ಈಗಲೂ ಹೇಳುವವರಿದ್ದಾರೆ. ಅವೆರಡೂ ಬೇರೆ ಬೇರೆ ಜಾತಿಯ ಹಾವು. ಕೇರೆಯಲ್ಲೇ ಗಂಡು ಹೆಣ್ಣು ಇವೆ, ನಾಗರದಲ್ಲೂ ಇವೆ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ನೀವು ಗದ್ದೆಯಂಚಿನಲ್ಲಿ ಕಂಡಿದ್ದರೆ, ಅದು ಹೆಚ್ಚಾಗಿ ಎರಡು ಗಂಡು ಕೇರೆಗಳ ಬಲಪರೀಕ್ಷೆ.

ನಾಗರ ಎಂದು ಏಟು ತಿನ್ನುವ ಇನ್ನೊಂದು ಬಡಪಾಯಿ ನೀರೊಳ್ಳೆ. ಹೆಸರಿನಲ್ಲೇ ‘ಒಳ್ಳೆ’ ಇದ್ದರೂ ಅದಕ್ಕೆ ಸಿಟ್ಟು ಜಾಸ್ತಿ. ಕೆರೆ, ಗದ್ದೆಯ ಕಾಲುವೆಗಳಲ್ಲಿ ಇರುತ್ತದೆ. ಹೆದರಿಸಿದರೆ ಕುತ್ತಿಗೆ ಚಪ್ಪಟೆ ಮಾಡಿ ತಲೆ ಎತ್ತುತ್ತದೆ, ಹಿಡಿದರೆ ಕಚ್ಚಿಯೇ ಕಚ್ಚುತ್ತದೆ, ರಕ್ತವೂ ಬರುತ್ತದೆ. ವಿಷ ಇಲ್ಲ. ಮೈಮೇಲೆ ಚದುರಂಗದ ಮನೆಗಳಂಥ ಚೌಕುಳಿ, ಕಣ್ಣಿನ ಕೆಳಗೆ ಓರೆಯಾಗಿ ಎರಡು ಕಪ್ಪು ಗೆರೆ. ಆ ಎರಡು ಗೆರೆ ನೆನಪಿಟ್ಟುಕೊಳ್ಳಿ.

ಎರಡನೆಯ ಜೋಡಿ ಕಟ್ಟುಹಾವು ಮತ್ತು ತೋಳಹಾವು. ಕಟ್ಟುಹಾವನ್ನು ಕೆಲವು ಕಡೆ ಕಡಂಬಳ ಎನ್ನುತ್ತಾರೆ. ಈ ಜೋಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಹೇಳುತ್ತೇನೆ. ನಾಗರ ಹೆಡೆ ಎತ್ತುತ್ತದೆ, ಮಂಡಲ ಬುಸುಗುಟ್ಟುತ್ತದೆ, ಕಟ್ಟುಹಾವು ಸದ್ದೇ ಮಾಡುವುದಿಲ್ಲ. ರಾತ್ರಿ ಓಡಾಡುತ್ತದೆ. ಇಲಿ, ಹಲ್ಲಿ, ಬೇರೆ ಸಣ್ಣ ಹಾವು ಹುಡುಕುತ್ತ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಪಕ್ಕ ಬರುತ್ತದೆ. ಅವರು ನಿದ್ದೆಯಲ್ಲಿ ಮಗ್ಗುಲು ತಿರುಗಿದಾಗ ಮೈ ತಾಗಿ ಕಚ್ಚುತ್ತದೆ. ಹಲ್ಲು ಸಣ್ಣದು, ನೋವು ಇರುವುದಿಲ್ಲ, ಊತ ಇರುವುದಿಲ್ಲ. ಎಷ್ಟೋ ಜನರಿಗೆ ಎಚ್ಚರವೂ ಆಗುವುದಿಲ್ಲ.

ಗುರುತು ಹೀಗೆ. ಕಟ್ಟುಹಾವಿನ ಮೈ ನೀಲಿ ಹೊಳಪಿನ ಕಪ್ಪು. ಅದರ ಮೇಲೆ ಹಾಲಿನಂಥ ಬಿಳಿಯ ತೆಳು ಪಟ್ಟೆಗಳು, ಹೆಚ್ಚಾಗಿ ಎರಡೆರಡು ಜೊತೆಯಾಗಿ. ಈ ಪಟ್ಟೆಗಳು ತಲೆಯಿಂದ ಸ್ವಲ್ಪ ದೂರ ಬಿಟ್ಟು ಶುರುವಾಗುತ್ತವೆ, ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ. ಬೆನ್ನಿನ ನಡುಗೆರೆಯಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಇರುತ್ತದೆ. ತೋಳಹಾವಿನಲ್ಲಿ ಇದು ಉಲ್ಟಾ. ಮೈ ಕಂದು, ಪಟ್ಟೆ ಹಳದಿ ಬೆರೆತ ಬಿಳಿ, ಕುತ್ತಿಗೆಯ ಹತ್ತಿರದಿಂದಲೇ ದಪ್ಪವಾಗಿ ಶುರುವಾಗಿ ಬಾಲದ ಕಡೆಗೆ ಮಾಸಿಹೋಗುತ್ತದೆ. ತಲೆ ಚಪ್ಪಟೆ. ಗೋಡೆ ಹತ್ತುವುದರಲ್ಲಿ ನಿಸ್ಸೀಮ. ಹಂಚಿನ ಸಂದಿಯಲ್ಲಿ, ಬಚ್ಚಲಮನೆಯ ಕಿಟಕಿಯಲ್ಲಿ ಕಾಣುವುದು ಬಹಳ ಸಲ ಇದೇ. ಆದರೆ ಒಂದು ಎಚ್ಚರಿಕೆ. ಕೆಲವು ಕಟ್ಟುಹಾವುಗಳಲ್ಲಿ ಪಟ್ಟೆ ಮಾಸಿ ಮೈ ಬರೀ ಕಪ್ಪಾಗಿರುತ್ತದೆ. ಮರಿಗಳಲ್ಲಿ ಗುರುತು ತಲೆಯ ಹತ್ತಿರದಿಂದಲೇ ಇರಬಹುದು. ಹಗಲಲ್ಲಿ ಅದು ಮಂಕಾಗಿ, ಸುರುಳಿಯೊಳಗೆ ತಲೆ ಮುಚ್ಚಿಕೊಂಡು ಬಿದ್ದಿರುತ್ತದೆ, ಸಾಧು ಎಂದು ಕೈಹಾಕುವವರಿದ್ದಾರೆ. ಪಟ್ಟೆ ಹಾವಿನ ವಿಷಯದಲ್ಲಿ ಅನುಮಾನ ಬಂದರೆ ಕಟ್ಟುಹಾವು ಎಂದೇ ತಿಳಿದು ದೂರ ನಿಲ್ಲಿ.

ಒಂದು ಘಟನೆ ಹೇಳುತ್ತೇನೆ. ಅಡಿಕೆ ಸುಲಿಯುವ ಕಾಲ. ಒಬ್ಬ ಪಿಯುಸಿ ಹುಡುಗ ತಡರಾತ್ರಿ ಕೆಲಸ ಮುಗಿಸಿ ಜಗಲಿಯಲ್ಲೇ ಮಲಗಿದ್ದ. ಬೆಳಗಿನ ನಾಲ್ಕು ಗಂಟೆಗೆ ಹೊಟ್ಟೆನೋವು ಎಂದು ಎದ್ದ. ತಾಯಿ ಜೀರಿಗೆ ಕಷಾಯ ಮಾಡಿಕೊಟ್ಟರು. ಆರು ಗಂಟೆಗೆ ಅವನ ಕಣ್ಣರೆಪ್ಪೆ ಮೇಲೆ ಏಳುತ್ತಿರಲಿಲ್ಲ. ನಿದ್ದೆಗೆಟ್ಟಿದ್ದಕ್ಕೆ ಹಾಗಾಗಿದೆ ಎಂದುಕೊಂಡರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಬಂದು ನೋಡಿದವಳೇ 108ಕ್ಕೆ ಫೋನ್ ಮಾಡಿದಳು. ನಾವು ಮೈಯೆಲ್ಲ ಹುಡುಕಿದರೂ ಕಚ್ಚಿದ ಗುರುತು ಸಿಗಲಿಲ್ಲ. ವೈದ್ಯರು ಗುರುತಿಗೆ ಕಾಯಲಿಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದು, ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ಇಷ್ಟೇ ಸಾಕು ಎಂದು ಔಷಧ ಶುರು ಮಾಡಿಸಿದರು. ಉಸಿರು ಕಡಿಮೆಯಾಗುತ್ತಿತ್ತು. ಶಿವಮೊಗ್ಗ ಮುಟ್ಟುವವರೆಗೂ ಆಂಬ್ಯುಲೆನ್ಸಿನಲ್ಲಿ ಉಸಿರಿನ ಚೀಲವನ್ನು ಕೈಯಲ್ಲಿ ಒತ್ತುತ್ತಲೇ ಹೋದೆವು. ಅಲ್ಲಿ ಕೆಲವು ದಿನ ವೆಂಟಿಲೇಟರ್ ಮೇಲಿದ್ದು ಬದುಕಿದ. ಮರುದಿನ ಅವನ ಮನೆಯವರು ಜಗಲಿಯ ಮೂಲೆಯ ಅಡಿಕೆ ಚೀಲ ಎತ್ತಿದಾಗ ಅದರಡಿ ಕಟ್ಟುಹಾವು ಇತ್ತು. ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಯಂತ್ರ ಉಸಿರಾಡಿಸುತ್ತಿದ್ದರೆ ರೋಗಿ ಬದುಕಿ ಬರುವ ಸಾಧ್ಯತೆ ದೊಡ್ಡದು. ಆದರೆ ಆ ಯಂತ್ರದವರೆಗೆ ಅವನು ತಲುಪಬೇಕು.

ಮೂರನೆಯ ಜೋಡಿ ಕೊಳಕುಮಂಡಲ ಮತ್ತು ಮಣ್ಣುಮುಕ್ಕ. ಇದರ ಜೊತೆ ಹೆಬ್ಬಾವಿನ ಮರಿಯನ್ನೂ ಸೇರಿಸಿಕೊಳ್ಳಿ, ಯಾಕೆಂದರೆ ನಮ್ಮ ಜನ ಹೆಚ್ಚು ಮೋಸ ಹೋಗುವುದು ಅಲ್ಲಿಯೇ. ಕೊಳಕುಮಂಡಲ ದಪ್ಪ ಮೈಯ ಹಾವು. ಬೆನ್ನಿನ ಮೇಲೆ ಅಂಡಾಕಾರದ ಕಡುಕಂದು ಮಚ್ಚೆಗಳು ಮೂರು ಸಾಲು, ಸರಪಳಿ ಪೋಣಿಸಿದ ಹಾಗೆ. ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರ ಹೊರಗೆ ತಿಳಿಬಣ್ಣದ ಗೆರೆ. ಮಚ್ಚೆಗಳಲ್ಲಿ ಒಂದು ಕ್ರಮ ಇದೆ. ಮಣ್ಣುಮುಕ್ಕ ಮತ್ತು ಹೆಬ್ಬಾವಿನ ಮಚ್ಚೆಗಳಿಗೆ ಆ ಕ್ರಮ ಇಲ್ಲ. ಹರಿದ ಬಟ್ಟೆಯ ತೇಪೆಗಳ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಮಣ್ಣುಮುಕ್ಕದ ಬಾಲ ಮೋಟು, ತಟ್ಟನೆ ಮುಗಿದುಬಿಡುತ್ತದೆ. ಕಣ್ಣು ಬಹಳ ಚಿಕ್ಕದು. ಹೆಬ್ಬಾವಿನ ಮರಿಯ ಹುರುಪೆ ನುಣುಪು, ಮಂಡಲದ ಹುರುಪೆ ಒರಟು. ಇನ್ನು ಮಂಡಲದ ಸದ್ದು. ಕುಕ್ಕರ್ ಸೀಟಿ ಬಿಡುವ ಮುಂಚೆ ಹಬೆ ಹೊರಟ ಹಾಗೆ ಬುಸುಗುಟ್ಟುತ್ತದೆ. ತರಗೆಲೆಯ ಒಳಗಿಂದ ಆ ಸದ್ದು ಬಂದರೆ ಹಾವು ಹುಡುಕಬೇಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಮಂಡಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುವುದುಂಟು. ಗೇಣುದ್ದದ ಮರಿಗೂ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ. ಮರಿ ತಾನೇ ಎಂದು ಕೈಯಲ್ಲಿ ಹಿಡಿಯಬೇಡಿ.

ನಾನು ಮರೆಯಲಾರದ ಸಾವು ಈ ಹಾವಿನದ್ದು. ಗದ್ದೆ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು. ಹಾವನ್ನು ನೋಡಿದ ನಾಲ್ಕು ಜನರೂ ‘ಹೆಬ್ಬಾವಿನ ಮರಿ’ ಎಂದರು. ಅದಕ್ಕೆ ವಿಷ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಸೊಪ್ಪು ಅರೆದು ಕಟ್ಟಿದರು. ಕಾಲು ಬಾತಿತು, ‘ಹೆಬ್ಬಾವಿನ ಹಲ್ಲಿನ ನಂಜು’ ಎಂದರು. ಎರಡನೆಯ ದಿನ ವಸಡಿನಿಂದ ರಕ್ತ ಬಂತು, ಮೂತ್ರ ನಿಂತಿತು. ನಮ್ಮ ಹತ್ತಿರ ಬಂದಾಗ ಒಂದು ಚಿಕ್ಕ ಪರೀಕ್ಷೆ ಮಾಡಿದೆವು. ತೊಳೆದು ಒಣಗಿಸಿದ ಗಾಜಿನ ನಳಿಗೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡುವುದು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ, ನಳಿಗೆ ಓರೆ ಮಾಡಿದರೂ ಹರಿಯುವುದಿಲ್ಲ. ಅವಳ ರಕ್ತ ನೀರಿನ ಹಾಗೆ ಹರಿಯಿತು. ಮೂತ್ರಪಿಂಡ ಕೈಕೊಟ್ಟಿತ್ತು. ಡಯಾಲಿಸಿಸ್‌ಗೆ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಉಳಿಯಲಿಲ್ಲ. ಎರಡು ಮಕ್ಕಳಿದ್ದವು, ಚಿಕ್ಕದಕ್ಕೆ ಇನ್ನೂ ಅಂಗನವಾಡಿಯ ವಯಸ್ಸು. ಹಾವಿನ ಗುರುತು ತಪ್ಪಿದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಆ ಗುರುತನ್ನು ನಂಬಿ ಎರಡು ದಿನ ಕಾದದ್ದು.

ಇನ್ನು ಹಸಿರು ಹಾವುಗಳು. ದಾಸವಾಳದ ಗಿಡದಲ್ಲಿ, ಬೇಲಿಯಲ್ಲಿ ಕಾಣುವ ಹಸಿರು ಬಳ್ಳಿಹಾವು ಕಣ್ಣು ಕುಕ್ಕುತ್ತದೆ ಎಂದು ನಾವೆಲ್ಲ ಹೆದರಿ ಬೆಳೆದವರು. ಅದಕ್ಕೆ ಮನುಷ್ಯರ ಕಣ್ಣು ಬೇಕಾಗಿಲ್ಲ. ಓತಿಕೇತ, ಕಪ್ಪೆ ಬೇಕು. ಮೂತಿ ಚೂಪು, ಮೈ ಬಳ್ಳಿಯಷ್ಟು ಸಣ್ಣ, ಕಣ್ಣಿನ ಪಾಪೆ ಅಡ್ಡಡ್ಡ ಗೆರೆಯ ಹಾಗೆ. ಅದರ ವಿಷ ಬಹಳ ಸೌಮ್ಯ. ಆದರೆ ಹಸಿರು ಎಂದೊಡನೆ ಎಲ್ಲವೂ ಬಳ್ಳಿಹಾವಲ್ಲ. ಘಟ್ಟದ ಕಡೆ ಪೊದೆಯಲ್ಲಿ, ತೊರೆಯ ಪಕ್ಕ ಗುಳಿಮಂಡಲ ಇದೆ. ದಪ್ಪ ಮೈ, ಅಗಲ ತಲೆ, ಮಳೆಯಲ್ಲಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತದೆ. ಮಲಬಾರ್ ಗುಳಿಮಂಡಲದಲ್ಲಿ ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಿವೆ. ಆದ್ದರಿಂದ ಬಣ್ಣ ನೋಡಿ ಹಾವು ಹೇಳಬಾರದು.

ಮಳೆಗಾಲದಲ್ಲಿ ಮಣ್ಣು ಅಗೆಯುವಾಗ ಸಿಗುವ ಎರಡು ಸಣ್ಣ ಹಾವುಗಳ ಬಗ್ಗೆ ಎರಡು ಮಾತು. ಎರೆಹುಳುವಿನಂತೆ ಕಾಣುವ ಕುರುಡುಹಾವು ಹೂವಿನ ಕುಂಡದಲ್ಲೂ ಇರುತ್ತದೆ. ಇವುಗಳಲ್ಲಿ ನಮ್ಮ ಮನೆಗಳ ಸುತ್ತ ಸಾಮಾನ್ಯವಾದ ಬಗೆಯಲ್ಲಿ ಎಲ್ಲವೂ ಹೆಣ್ಣೇ, ಗಂಡಿಲ್ಲದೆಯೇ ಮೊಟ್ಟೆ ಇಡುತ್ತವೆ. ಇನ್ನೊಂದು, ಬಾಲವನ್ನು ಕತ್ತಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುವ ಮಣ್ಣಿನ ಹಾವು. ಈ ಕುಟುಂಬದ ಹಾವುಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಎರಡಕ್ಕೂ ವಿಷ ಇಲ್ಲ. ಸಲಿಕೆಯಿಂದ ಹೊಡೆಯದೆ ಮಣ್ಣಿಗೇ ಬಿಡಿ.

ಕಾಳಿಂಗನ ಮಾತು ಆಡದೆ ಹೋದರೆ ಮಕ್ಕಳು ಬಿಡುವುದಿಲ್ಲ. ಲೋಕದ ವಿಷದ ಹಾವುಗಳಲ್ಲೆಲ್ಲ ಉದ್ದನೆಯದು ಕಾಳಿಂಗ ಸರ್ಪ. ನಮ್ಮ ಆಗುಂಬೆಯಲ್ಲಿ ಇದರ ಅಧ್ಯಯನಕ್ಕೆಂದೇ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ನಾಗರಕ್ಕಿಂತ ಇದರ ಹೆಡೆ ಕಿರಿದು ಮತ್ತು ಉದ್ದ, ಕನ್ನಡಕದ ಗುರುತು ಇಲ್ಲ, ಮೈಮೇಲೆ ತಿಳಿಬಣ್ಣದ ಅಡ್ಡಪಟ್ಟೆ. ತಿನ್ನುವುದು ಬೇರೆ ಹಾವುಗಳನ್ನು, ಅದರಲ್ಲೂ ಕೇರೆಯನ್ನು. ಕೇರೆ ಅಟ್ಟಿಸಿಕೊಂಡೇ ಅದು ನಮ್ಮ ಮನೆಯಂಗಳಕ್ಕೆ ಬರುವುದು. ಎಲೆ ದರಗು ಒಟ್ಟು ಮಾಡಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಇದೊಂದೇ. ಹೆಣ್ಣು ಆ ಗೂಡನ್ನು ಕಾಯುತ್ತದೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಎಂದು ವಿಂಗಡಿಸಿದರು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಅವರು ಕೊಟ್ಟ ಶಾಸ್ತ್ರೀಯ ಹೆಸರು ‘ಒಫಿಯೋಫಾಗಸ್ ಕಾಳಿಂಗ’. ನಮ್ಮ ಅಜ್ಜಂದಿರು ಕರೆದ ಹೆಸರನ್ನೇ ಈಗ ಲೋಕದ ವಿಜ್ಞಾನಿಗಳು ಬರೆಯುತ್ತಾರೆ. ಇದರ ಕಡಿತಕ್ಕೆ ನಮ್ಮಲ್ಲಿ ಸಿಗುವ ಔಷಧ ತಯಾರಾದದ್ದಲ್ಲ, ಆದ್ದರಿಂದ ಮೊಬೈಲ್ ಹಿಡಿದು ಹತ್ತಿರ ಹೋಗುವ ಹುಡುಗರು ದಯವಿಟ್ಟು ನಿಲ್ಲಿಸಬೇಕು. ಅರಣ್ಯ ಇಲಾಖೆಯವರಿಗೆ ತಿಳಿಸಿ, ದಾರಿ ಬಿಟ್ಟುಕೊಡಿ.

ಈಗ ಕೆಲಸಕ್ಕೆ ಬಾರದ ಕೆಲವು ಸೂತ್ರಗಳು. ‘ತಲೆ ತ್ರಿಕೋನ ಇದ್ದರೆ ವಿಷ, ಇಲ್ಲದಿದ್ದರೆ ಇಲ್ಲ’ ಎನ್ನುತ್ತಾರೆ. ನಾಗರ, ಕಟ್ಟುಹಾವು ಎರಡರ ತಲೆಯೂ ತ್ರಿಕೋನವಲ್ಲ. ‘ಎರಡು ಹಲ್ಲಿನ ಗುರುತು ಇದ್ದರೆ ಮಾತ್ರ ವಿಷ’ ಎನ್ನುತ್ತಾರೆ. ಆ ಹುಡುಗನಿಗೆ ಒಂದೂ ಇರಲಿಲ್ಲ. ‘ಕಹಿಬೇವಿನ ಎಲೆ ಕಹಿ ಎನಿಸದಿದ್ದರೆ ವಿಷ ಏರಿದೆ’ ಎಂದು ಎಲೆ ಅಗಿಸುತ್ತ ಕೂರುವವರಿದ್ದಾರೆ. ಅದರಿಂದ ಹಾಳಾಗುವುದು ಹೊತ್ತು.

ಮಂತ್ರ ಹಾಕುವವರ, ಬೇರು ಕೊಡುವವರ ವಿಷಯ ಹೇಳುವಾಗ ನಾನು ಯಾರನ್ನೂ ಹಳಿಯುವುದಿಲ್ಲ. ಅವರಲ್ಲಿ ದುಡ್ಡು ಮುಟ್ಟದೆ ಉಪಕಾರ ಎಂದು ಮಾಡುವವರನ್ನು ನಾನು ಬಲ್ಲೆ. ಆದರೆ ಲೆಕ್ಕ ನೋಡೋಣ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಇವರೆಲ್ಲ ಏನೂ ಮಾಡದಿದ್ದರೂ ಬದುಕುವವರು. ನೀರೊಳ್ಳೆ ಕಚ್ಚಿದವನು ಮಂತ್ರ ಹಾಕಿಸಿಕೊಂಡು ಬದುಕಿದರೆ ಆ ಕೀರ್ತಿ ಮಂತ್ರಕ್ಕೆ ಹೋಗುತ್ತದೆ. ಆ ಕೀರ್ತಿ ನಂಬಿ ಮಂಡಲ ಕಚ್ಚಿದವನೂ ಅಲ್ಲಿಗೇ ಹೋಗುತ್ತಾನೆ. ಊರಿಗೆ ಹಾವಿನ ಗುರುತು ಗೊತ್ತಿದ್ದರೆ ‘ಅದು ನೀರೊಳ್ಳೆ, ಹೇಗೂ ಬದುಕುತ್ತಿದ್ದ’ ಎಂದು ಹೇಳುವವರು ಇರುತ್ತಾರೆ. ನಾಟಿ ವೈದ್ಯರಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಮಾತನ್ನು ಜನ ಕೇಳುತ್ತಾರೆ. ‘ಮೊದಲು ಆಸ್ಪತ್ರೆಗೆ ಹೋಗು, ಆಮೇಲೆ ನನ್ನ ಹತ್ತಿರ ಬಾ’ ಎಂದು ನೀವು ಹೇಳಿದರೆ ನಾವು ಹತ್ತು ಶಿಬಿರ ಮಾಡಿದ್ದಕ್ಕಿಂತ ಹೆಚ್ಚು ಜೀವ ಉಳಿಯುತ್ತದೆ.

ಇಲ್ಲಿಯವರೆಗೆ ಗುರುತು ಹೇಳಿದೆ. ಈಗ ಅದಕ್ಕಿಂತ ಮುಖ್ಯವಾದದ್ದು. ಗುರುತು ಬೇಕಾಗಿರುವುದು ಹಾವು ಕಚ್ಚುವ ಮೊದಲು. ಯಾವುದರಿಂದ ದೂರ ಇರಬೇಕು, ಯಾವುದನ್ನು ಕೊಲ್ಲದೆ ಬಿಡಬೇಕು, ರಾತ್ರಿ ಎಲ್ಲಿ ಕಾಲಿಡಬಾರದು ಎಂದು ತಿಳಿಯಲು. ಕಚ್ಚಿದ ಮೇಲೆ ಹಾವು ಯಾವುದು ಎಂಬ ಚರ್ಚೆ ಬೇಡ. ಯಾವ ಹಾವೇ ಇರಲಿ, ಆಸ್ಪತ್ರೆಗೆ ಹೊರಡಿ. ಹಾವನ್ನು ಹೊಡೆದು ತರಬೇಡಿ. ಹುಡುಕುವಾಗ ಎರಡನೆಯವನಿಗೂ ಕಚ್ಚಬಹುದು. ಸತ್ತ ಹಾವಿನ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಒಂದು ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಂತೆಯಿಲ್ಲ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಲ್ಕೂ ಮುಖ್ಯ ಹಾವುಗಳ ವಿಷಕ್ಕೆ ಒಟ್ಟಿಗೇ ತಯಾರಾದದ್ದು. ತಮಿಳುನಾಡಿನಲ್ಲಿ 1978ರಲ್ಲಿ ಹುಟ್ಟಿದ ಇರುಳರ ಸಹಕಾರ ಸಂಘದವರು ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪ ಕುದುರೆಗೆ ಕೊಟ್ಟು, ಅದರ ರಕ್ತದಿಂದ ಪ್ರತಿವಿಷ ಮಾಡುತ್ತಾರೆ. ವೈದ್ಯರು ಲಕ್ಷಣ ನೋಡಿ, ರಕ್ತ ಪರೀಕ್ಷೆ ಮಾಡಿ ಅದನ್ನು ಕೊಡುತ್ತಾರೆ. ಲಕ್ಷಣ ಇಲ್ಲದಿದ್ದರೆ ಕೊಡದೆ ಒಂದು ದಿನ ಇಟ್ಟುಕೊಂಡು ನೋಡುತ್ತಾರೆ. ‘ಇಂಜೆಕ್ಷನ್ನೇ ಕೊಡಲಿಲ್ಲ’ ಎಂದು ಜಗಳ ತೆಗೆಯಬೇಡಿ. ಇನ್ನೊಂದು ಮಾತು, ಮಗುವಿಗೂ ದೊಡ್ಡವರಿಗೂ ಪ್ರತಿವಿಷದ ಪ್ರಮಾಣ ಒಂದೇ. ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ.

ಕಚ್ಚಿದೊಡನೆ ಮಾಡಬೇಕಾದ್ದು: ಧೈರ್ಯ ಹೇಳಿ ಕೂರಿಸಿ ಅಥವಾ ಮಲಗಿಸಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಊತ ಬಂದರೆ ಅವು ಬಿಗಿಯುತ್ತವೆ. ಮೂಳೆ ಮುರಿದಾಗ ಕಟ್ಟುವ ಹಾಗೆ ಕೈಕಾಲಿಗೆ ಹಲಗೆಯ ಆಧಾರ ಕೊಟ್ಟು ಅಲುಗಾಡದಂತೆ ಮಾಡಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ತಡವಾಗುವುದಾದರೆ ಸಿಕ್ಕ ಜೀಪು ಹತ್ತಿಸಿ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಯಾವುದೂ ಬೇಡ. ಹಗ್ಗ ಬಿಗಿದು ಬೆರಳು ಕಪ್ಪಾಗಿ, ಹಾವಿನಿಂದ ಬದುಕಿದವನು ಹಗ್ಗದಿಂದ ಬೆರಳು ಕಳೆದುಕೊಂಡದ್ದನ್ನು ನೋಡಿದ್ದೇನೆ.

ಕಚ್ಚದಂತೆ ನೋಡಿಕೊಳ್ಳಲು ಖರ್ಚು ದೊಡ್ಡದಲ್ಲ. ಮಂಚದ ಮೇಲೆ ಮಲಗಿ, ಇಲ್ಲವಾದರೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕಟ್ಟುಹಾವಿಗೆ ಅದೇ ಬೇಲಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಹುಲ್ಲು ಕೊಯ್ಯುವಾಗ, ದರಗು ಗುಡಿಸುವಾಗ ಗಂಬೂಟು ಹಾಕಿ. ಕಟ್ಟಿಗೆ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ ಮನೆಗೋಡೆಗೆ ತಾಗಿ ಇರುವುದು ಬೇಡ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಆ ಇಲಿಯನ್ನು ತಿನ್ನುವ ಕೇರೆಯನ್ನು ಹೊಡೆದರೆ ಮುಂದಿನ ವರ್ಷ ಕಣಜದ ಭತ್ತ ಇಲಿಗೆ. ನಾಗರ ಪಂಚಮಿಗೆ ಕಲ್ಲಿಗೆ ಹಾಲೆರೆಯುವ ನಾವು ಬೇಲಿಯಲ್ಲಿ ಕಂಡ ಕೇರೆಗೂ ಅಷ್ಟು ಕರುಣೆ ತೋರಿದರೆ ನಷ್ಟವಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸಬೇಕು ಎಂದು ಕೇಂದ್ರವೂ ಅದೇ ವರ್ಷ ಯೋಜನೆ ಹಾಕಿತು. ಸರ್ಕಾರ ಔಷಧ ಇಡಬಹುದು, ಆಂಬ್ಯುಲೆನ್ಸ್ ಕಳಿಸಬಹುದು. ಕಚ್ಚಿಸಿಕೊಂಡವನು ಮನೆಯಿಂದ ಹೊರಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಸುವರ್ಣ ಮಹೋತ್ಸವ ಸಮಿತಿಯ ಮುಂದೆ ಒಂದು ಸಣ್ಣ ಕೋರಿಕೆ ಇಡುತ್ತೇನೆ. ಉಳಿಕೆ ಹಣದಲ್ಲಿ ಶಾಲೆಯ ವರಾಂಡದಲ್ಲಿ ಒಂದು ದೊಡ್ಡ ಫಲಕ ಹಾಕಿಸೋಣ. ನಾನು ಹೇಳಿದ ಮೂರು ಜೋಡಿ ಹಾವುಗಳ ಒಳ್ಳೆಯ ಬಣ್ಣದ ಚಿತ್ರ, ಕೆಳಗೆ ಎರಡೆರಡು ಸಾಲು, ಕೊನೆಯಲ್ಲಿ 108 ಎಂಬ ಅಂಕಿ ಮತ್ತು ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಯ ಹೆಸರು. ಅದೇ ಚಿತ್ರದ ಇನ್ನೊಂದು ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ, ಮತ್ತೊಂದು ಹಾಲಿನ ಡೇರಿಗೆ. ಚಿತ್ರಗಳ ಖರ್ಚನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ ಎಂದು ನಿನ್ನೆ ರಾತ್ರಿಯೇ ಮಾತಾಡಿಕೊಂಡಿದ್ದೇವೆ. ಮೇ ತಿಂಗಳೊಳಗೆ, ಮುಂಗಾರು ಹಿಡಿಯುವ ಮುಂಚೆ ಹಾಕಿಸಿದರೆ ಈ ವರ್ಷವೇ ಉಪಯೋಗಕ್ಕೆ ಬರುತ್ತದೆ.

ಮಕ್ಕಳೆ, ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಗೆ ಕೇಳಿ, ಕಟ್ಟುಹಾವಿಗೂ ತೋಳಹಾವಿಗೂ ವ್ಯತ್ಯಾಸ ಏನು ಎಂದು. ಅವರಿಗೆ ಗೊತ್ತಿದ್ದರೆ ಕಲಿಯಿರಿ, ಗೊತ್ತಿಲ್ಲದಿದ್ದರೆ ನೀವು ಹೇಳಿಕೊಡಿ. ಹಾವಿನ ಹತ್ತಿರ ಹೋಗಿ ಪರೀಕ್ಷೆ ಮಾಡುವುದು ಮಾತ್ರ ಬೇಡ.